ಹದಿನಾಲ್ಕನೇ ಸೈಟಿನ ಫಲಕ

ನಮ್ಮ ತೋಟಕ್ಕೆ ಪುರಸಭೆಯ ಗೌರವ ಬಂದಿದೆ ಎಂಬ ಕಾಗದ ಕೈಸೇರಿದ ದಿನ ಗ್ರಿಮಾನೆಸಾ ಪಾತ್ರೆ ತೊಳೆದ ನೀರನ್ನು ನನ್ನ ಮೆಟ್ಟಿಲ ಮೇಲೆ ಚೆಲ್ಲಿದಳು. ಈ ಗುಡ್ಡದಲ್ಲಿ ಯಾರೂ ನೀರು ಚೆಲ್ಲುವುದಿಲ್ಲ. ಟ್ಯಾಂಕರ್ ವಾರಕ್ಕೆ ಎರಡು ಸಲ ಕೆಳಗಿನ ರಸ್ತೆಯವರೆಗೆ ಬರುತ್ತದೆ, ಅಲ್ಲಿಂದ ಮೇಲಕ್ಕೆ ಬಕೆಟಿನಲ್ಲಿ ಹೊರಬೇಕು. ಪಾತ್ರೆ ತೊಳೆದ ನೀರಿನಲ್ಲಿ ನೆಲ ಒರೆಸಿ, ಒರೆಸಿದ ನೀರನ್ನು ಕಕ್ಕಸಿಗೆ ಹಾಕುವ ಜನ ನಾವು. ಅಂಥದ್ದರಲ್ಲಿ ಒಂದು ಬೋಗುಣಿ ನೀರು ಖರ್ಚು ಮಾಡಿ ಸಿಟ್ಟು ತೋರಿಸಿದಳೆಂದರೆ ಅವಳಿಗೆ ಎಷ್ಟು ಉರಿದಿರಬೇಕು.

“ಹುಷಾರಾಗಿ ಇಳೀರಿ ಕೊಮಾದ್ರೆ,” ಅಂದಳು ಮೇಲಿನಿಂದ. “ದೊಡ್ಡ ಮನುಷ್ಯರಾಗ್ಬಿಟ್ರಿ. ಸೊಂಟ ಮುರ್ಕೊಂಡ್ರೆ ಫಲಕ ಇಸ್ಕೊಳ್ಳೋರು ಯಾರು?”

“ನೀವೇ ಇಸ್ಕೊಳ್ಳಿ ಕೊಮಾದ್ರೆ. ತಳತಳ ಅನ್ನತ್ತಂತೆ. ಮುಖ ನೋಡ್ಕೊಳ್ಳೋಕಾದ್ರೂ ಆಗತ್ತೆ.”

“ನನ್ ಮುಖ ನಂಗೊತ್ತು. ನಿಮ್ದು ನೋಡ್ಕೊಳ್ಳಿ.”

ನನ್ನ ಮಗಳು ಯಾದಿರಾಳ ಮೊದಲ ಕೂದಲು ಕತ್ತರಿಸಿದವಳು ಇದೇ ಗ್ರಿಮಾನೆಸಾ. ಹಾಗೆ ಕತ್ತರಿ ಹಾಕಿದವಳು ಮಗುವಿಗೆ ಎರಡನೇ ತಾಯಿ, ಹೆತ್ತವಳಿಗೆ ಕೊಮಾದ್ರೆ. ಆಮೇಲೆ ಇಬ್ಬರ ನಡುವೆ ಸಾಯುವ ತನಕ ಬಹುವಚನ. ಜುಟ್ಟು ಹಿಡಿದು ಎಳೆದಾಡುವಾಗಲೂ ‘ನೀವು, ನಿಮ್ಮ’ ಎಂದೇ ಬೈಯಬೇಕು. ಯಾದಿರಾಗೆ ಆಗ ಎರಡು, ಈಗ ಹನ್ನೊಂದು. ಒಂಬತ್ತು ವರ್ಷ ನಾವು ಒಬ್ಬರ ಒಲೆಯ ಕೆಂಡ ಇನ್ನೊಬ್ಬರ ಒಲೆಗೆ ಕೊಂಡೊಯ್ದವರು. ಈ ಮಾರ್ಚಿನಲ್ಲಿ ಅವಳ ತಂಗಿ ಬಸೀಲಿಯಾ ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟದ ಸೀಮೆಯ ಹಳ್ಳಿಯಿಂದ ಬಂದಿಳಿದಳು. ಅಲ್ಲಿಂದ ಎಲ್ಲ ಕೆಟ್ಟಿತು.

ಬಸೀಲಿಯಾಗೆ ಸೈಟು ಬೇಕಿತ್ತು. ಗುಡ್ಡದಲ್ಲಿ ಸೈಟು ಉಳಿದಿರಲಿಲ್ಲ. ಗ್ರಿಮಾನೆಸಾಳ ಮನೆ ಹದಿಮೂರು, ಅದರ ಗೋಡೆಗೆ ಅಂಟಿಕೊಂಡೇ ಹದಿನಾಲ್ಕು. ಆ ಹದಿನಾಲ್ಕರಲ್ಲಿ ನನ್ನ ತೋಟ.

ಆರು ವರ್ಷದ ಹಿಂದೆ ಅದು ಸಾಂತಾ ಎಲ್ವಿರಾ ಗುಡ್ಡದ ತಿಪ್ಪೆಯಾಗಿತ್ತು. ಸತ್ತ ನಾಯಿ, ಮಕ್ಕಳ ಡೈಪರು, ಒಡೆದ ಬೇಸಿನ್ನು. ಮೂಲೆಯಲ್ಲಿ ಜೊಂಡಿನ ಚಾಪೆಯ ಗುಡಿಸಲು ಕಟ್ಟಿಕೊಂಡು ದೋನ್ ಅಬುಂದಿಯೊ ಎಂಬ ಮುದುಕರು ಇದ್ದರು. ಸೈಟು ಅವರದೇ. ಕೀಲುನೋವು ತಾಳಲಾರದೆ ಒಂದು ಚಳಿಗಾಲ ತಮ್ಮ ಹಳ್ಳಿಗೆ ಹೊರಟುಹೋದರು. ಹೋಗುವಾಗ ಮಂಚ, ಕಂಬಳಿ ಅಲ್ಲೇ ಬಿಟ್ಟು, “ಏನಾದ್ರೂ ನೆಡಮ್ಮ ನೆಲಿದಾ, ಧೂಳಾದ್ರೂ ಕೂತ್ಕೊಳ್ಳತ್ತೆ,” ಅಂದರು. ಯಾದಿರಾ ಆಗ ಆ ಧೂಳು ಕುಡಿದು ಕುಡಿದು ರಾತ್ರಿಯಿಡೀ ಕೆಮ್ಮುತ್ತಿದ್ದಳು. ನಾನು ಹಳೇ ಟೈರಿನಲ್ಲಿ ಮಣ್ಣು ತುಂಬಿ ನೆಡಲು ಶುರು ಮಾಡಿದೆ. ಮೊದಲು ವಾಕತಾಯ್ ಸೊಪ್ಪು, ಆಮೇಲೆ ಬೀಟ್‌ರೂಟು, ಪಾಲಕ್ಕು, ಅಂಚಿಗೆ ಏಳು ತಾರಾ ಗಿಡ. ಮಳೆಯೇ ಇಲ್ಲದ ಊರಿನಲ್ಲಿ ಗಿಡಕ್ಕೆ ಮಂಜೇ ಗತಿ. ಮೇಲಿನ ಬಂಡೆಯ ಹತ್ತಿರ ಎರಡು ಕಂಬ ನೆಟ್ಟು ನೆರಳುಬಟ್ಟೆಯ ಬಲೆ ಕಟ್ಟಿದೆ. ಸಮುದ್ರದ ಮಂಜು ಅದಕ್ಕೆ ಬಡಿದು ಹನಿಯಾಗಿ, ಹನಿ ಬಲೆಯ ಕೆಳಗಿನ ತಗಡಿನ ದೋಣಿಗೆ ಇಳಿದು, ದೋಣಿಯಿಂದ ನೀಲಿ ಡ್ರಮ್ಮಿಗೆ. ಒಳ್ಳೆಯ ಮಂಜು ಬಿದ್ದ ರಾತ್ರಿ ಒಂದು ಡ್ರಮ್ಮು ತುಂಬುತ್ತಿತ್ತು. ಗುಡ್ಡದ ನಲವತ್ತು ಮನೆಗೆ ಮಧ್ಯಾಹ್ನದ ಅಡುಗೆ ಒಂದೇ ಪಾತ್ರೆಯಲ್ಲಿ ಆಗುತ್ತದೆ. ಆ ಪಾತ್ರೆಗೆ ಸೊಪ್ಪು ಹೋಗುತ್ತಿದ್ದದ್ದು ನನ್ನ ತೋಟದಿಂದ. ಪಾತ್ರೆಯ ಸೌಟು ಗ್ರಿಮಾನೆಸಾಳ ಕೈಯಲ್ಲಿ.

ಗುಡ್ಡದ ಕಾನೂನು ಇಷ್ಟೇ: ಮಲಗುವವರದ್ದು ಸೈಟು. ಒಂದು ಸಂಸಾರಕ್ಕೆ ಒಂದೇ ಸೈಟು. ಮೂರು ತಿಂಗಳಿಗೊಮ್ಮೆ ಸಮಿತಿಯ ಮುಖ್ಯಸ್ಥ ದೋನ್ ಸತುರ್ನಿನೊ ವಾಸದ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಾರೆ. ಹಾಸಿಗೆ ಮುಟ್ಟಿ ನೋಡುತ್ತಾರೆ, ಒಲೆಯ ಬೂದಿ ಕೆದಕುತ್ತಾರೆ. ವಾಸ ಇದ್ದಾರೆಂದು ಪಕ್ಕದ ಮನೆಯವರು ಸಾಕ್ಷಿ ಸಹಿ ಹಾಕಬೇಕು. ವಾಸವಿಲ್ಲ ಎಂದಾದರೆ ಸೈಟು ಸಮಿತಿಗೆ ವಾಪಸ್, ಅಲ್ಲಿಂದ ಕಾಯುವವರ ಪಟ್ಟಿಯಲ್ಲಿ ಮೊದಲು ಇದ್ದವರಿಗೆ.

ಹದಿನಾಲ್ಕರ ಮುಂದೆ ಆರು ವರ್ಷದಿಂದ ಬರೆದಿದ್ದದ್ದು ಒಂದೇ ಸಾಲು. ‘ಅಬುಂದಿಯೊ, ವಾಸವಿದ್ದಾರೆ.’ ಮುದುಕರು ಎಲ್ಲಿದ್ದಾರೆಂದು ಎಲ್ಲರಿಗೂ ಗೊತ್ತು. ಸತುರ್ನಿನೊ ಖಾಲಿ ಮಂಚ ಮುಟ್ಟಿ, ಒಂದು ಮೂಲಂಗಿ ಕಿತ್ತು ಜೇಬಿಗೆ ಹಾಕಿಕೊಂಡು ಬರೆಯುತ್ತಿದ್ದರು. ಪಕ್ಕದ ಮನೆಯ ಸಾಕ್ಷಿ ಸಹಿ ಗ್ರಿಮಾನೆಸಾಳದ್ದು. ತಿಪ್ಪೆ ಹೋಗಿ ಅವಳ ಬಾಗಿಲಲ್ಲಿ ನೊಣ ಕಡಿಮೆಯಾಗಿತ್ತು, ಪಾತ್ರೆಗೆ ಸೊಪ್ಪು ಬರುತ್ತಿತ್ತು. ಒಳ್ಳೆಯ ಸುಳ್ಳು ಎಂದು ಎಲ್ಲರೂ ಸೇರಿ ಸಾಕಿದ್ದೆವು.

ಅದನ್ನು ಕೆಡಿಸಿದವಳು ನಾನೇ.

ಬಸೀಲಿಯಾ ಬಂದ ಮೇಲೆ ನನಗೆ ಹೆದರಿಕೆ ಶುರುವಾಗಿತ್ತು. ಗ್ರಿಮಾನೆಸಾ ಸೊಪ್ಪಿಗೆ ಬಂದಾಗ ಸೊಪ್ಪು ನೋಡುತ್ತಿರಲಿಲ್ಲ, ಹೆಜ್ಜೆ ಹಾಕಿ ಅಗಲ ಅಳೆಯುತ್ತಿದ್ದಳು. ಅದೇ ಹೊತ್ತಿಗೆ ಪುರಸಭೆಯ ಇಂಜಿನಿಯರಮ್ಮ ಲೊರೇನಾ ಬಂದಳು. ನಗರವನ್ನು ಹಸಿರು ಮಾಡುವ ಜನರನ್ನೂ ಜಾಗಗಳನ್ನೂ ಹುಡುಕಿ ಗೌರವಿಸುತ್ತಾರಂತೆ. ಜಾಗಕ್ಕೆ ಫಲಕ, ನಕ್ಷೆಯಲ್ಲಿ ಹಸಿರು ಚುಕ್ಕೆ. ನಕ್ಷೆಗೆ ಹತ್ತಿದರೆ ಯಾರೂ ಮುಟ್ಟಲಾರರು ಎಂದುಕೊಂಡೆ. ಅವಳು ಕೊಟ್ಟ ಫಾರಂ ತುಂಬಿಸಲು ಕೂತೆ. ‘ಜಾಗದಲ್ಲಿ ಯಾರಾದರೂ ವಾಸವಿದ್ದಾರೆಯೇ?’ ಎಂಬಲ್ಲಿ ಪೆನ್ನು ನಿಂತಿತು.

“ವಾಸ ಇದ್ರೆ ಅದು ಮನೆ ಹಿತ್ಲು ಆಗತ್ತಮ್ಮ,” ಅಂದಳು ಲೊರೇನಾ. “ಮನೆ ಹಿತ್ಲಿಗೆ ಗೌರವ ಇಲ್ಲ. ಸಾರ್ವಜನಿಕ ಜಾಗ ಆಗಿರ್ಬೇಕು.”

ನಾನು ಬರೆದೆ: ‘ಆರು ವರ್ಷದಿಂದ ಯಾರೂ ಇಲ್ಲ. ಗಿಡಗಳು ಮಾತ್ರ.’ ಬರೆದು ಹೆಮ್ಮೆಯಿಂದ ಯಾದಿರಾಗೆ ಓದಿ ತೋರಿಸಿದೆ. ಪುರಸಭೆಯ ಕಾಗದ ಪುರಸಭೆಯಲ್ಲಿ, ಗುಡ್ಡದ ಪುಸ್ತಕ ಗುಡ್ಡದಲ್ಲಿ. ಒಂದು ಇನ್ನೊಂದನ್ನು ನೋಡುವುದಿಲ್ಲ ಎಂದು ನಂಬಿದ್ದೆ.

ಫಲಕ ಕೊಡುವ ಕಾರ್ಯಕ್ರಮ ಆಗಸ್ಟಿನ, ನಮ್ಮ ಕಡೆಯ ಚಳಿಗಾಲದ, ಒಂದು ಭಾನುವಾರ ಬೆಳಿಗ್ಗೆ. ಪ್ರತಿ ಭಾನುವಾರ ಮನೆಗೊಬ್ಬರು ಬಂದು ಮೆಟ್ಟಿಲು ಕಟ್ಟುವ ಕೂಡುಗೆಲಸ ಇರುತ್ತದೆ, ತಪ್ಪಿಸಿಕೊಂಡರೆ ದಂಡ. ಹಾಗಾಗಿ ಗುಡ್ಡಕ್ಕೆ ಗುಡ್ಡವೇ ಸಲಿಕೆ ಹಿಡಿದು ನಿಂತಿತ್ತು. ಮಂಜು ಕಿವಿಯೊಳಗೆ ಇಳಿಯುತ್ತಿತ್ತು. ತೋಟದ ಮುಂಗಟ್ಟೆಗೆ ಫಲಕವನ್ನು ಸ್ಕ್ರೂ ಹಾಕಿ ಕೂರಿಸಿದರು. ಹೊಳೆಯುವ ತಗಡು, ಅದರಲ್ಲಿ ನನ್ನ ಪೂರ್ತಿ ಹೆಸರು. ಯಾದಿರಾ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಕೈ ಬೆಚ್ಚಗಿತ್ತು. ಲೊರೇನಾ ಮೈಕಿನಲ್ಲಿ ಓದಿದಳು:

“ಆರು ವರ್ಷಗಳಿಂದ ಯಾರೂ ವಾಸವಿಲ್ಲದ ಈ ಹದಿನಾಲ್ಕನೇ ನಿವೇಶನವನ್ನು ನೆರೆಯವರಾದ ನೆಲಿದಾ ಅವರು...”

ಚಪ್ಪಾಳೆ ಬರಲಿಲ್ಲ. ಸತುರ್ನಿನೊ ನೆಲ ನೋಡಿದರು. ಗ್ರಿಮಾನೆಸಾ ಸಲಿಕೆಯನ್ನು ಗೋಡೆಗೆ ಒರಗಿಸಿ ಕೈ ಎತ್ತಿದಳು.

“ಇನ್ನೊಂದ್ಸಲ ಓದ್ತೀರಾ ಇಂಜಿನಿಯರಮ್ಮಾ? ‘ಆರು ವರ್ಷದಿಂದ’ ಆದ್ಮೇಲೆ ಏನು?”

ಪಾಪ, ಲೊರೇನಾ ಖುಷಿಯಿಂದ ಇನ್ನೂ ಜೋರಾಗಿ ಓದಿದಳು.

“ದೋನ್ ಸತುರ್ನಿನೊ,” ಗ್ರಿಮಾನೆಸಾ ಅವರ ಕಡೆ ತಿರುಗಿದಳು. “ನಿಮ್ ಪುಸ್ತಕದಲ್ಲಿ ಅಬುಂದಿಯೊ ವಾಸ ಇದಾರೆ. ಪುರಸಭೆ ತಗಡಲ್ಲಿ ಯಾರೂ ಇಲ್ಲ. ಯಾವ್ದು ಸುಳ್ಳು, ಹೇಳಿ.”

“ಅದು... ವಿಷಯ ಏನಪ್ಪಾ ಅಂದ್ರೆ...”

“ಆ ಪುಸ್ತಕದಲ್ಲಿ ಸಹಿ ಯಾರದ್ದು ಅಂತಾನೂ ಕೇಳಿ ದೋನ್ ಸತುರ್ನಿನೊ,” ಅಂದೆ ನಾನು. “ಇಪ್ಪತ್ನಾಲ್ಕು ಸಹಿ. ಎಲ್ಲಾ ಕೊಮಾದ್ರೆ ಗ್ರಿಮಾನೆಸಾರವರದ್ದೇ.”

“ಹೌದು, ನಂದೇ. ಸುಳ್ಳು ಹೇಳ್ದೆ. ಆಗ ನನ್ ತಂಗಿ ಊರಲ್ಲಿದ್ಲು. ಈಗ ನನ್ ಅಡುಗೆಮನೇಲಿ ಮೇಜಿನ ಕೆಳಗೆ ಮಲಗ್ತಾಳೆ. ಇನ್ನು ಸುಳ್ಳು ಹೇಳಲ್ಲ.” ಅವಳು ಜನರ ಕಡೆ ತಿರುಗಿದಳು. “ಬೀಟ್‌ರೂಟಿಗೆ ಸೈಟು ಇದೆ, ಎರಡು ಮಕ್ಕಳಿಗಿಲ್ಲ. ಅದಕ್ಕೆ ಫಲಕ ಬೇರೆ. ಚಪ್ಪಾಳೆ ಹೊಡೀರಿ, ಯಾಕ್ ಸುಮ್ನೆ ನಿಂತ್ರಿ?”

ನಾನು ಲೊರೇನಾಳ ತೋಳು ಹಿಡಿದೆ. “ನಕ್ಷೆಗೆ ಹತ್ತಿದೆ ಅಂದ್ರಲ್ಲಮ್ಮ. ಹೇಳಿ ಇವರಿಗೆ, ಮುಟ್ಟೋ ಹಾಗಿಲ್ಲ ಅಂತ.”

ಅವಳು ಮೈಕನ್ನು ಬದಿಗಿಟ್ಟು ಮೆಲ್ಲಗೆ ಹೇಳಿದಳು, “ಅದು ಗೌರವದ ನಕ್ಷೆ ಅಮ್ಮ. ಸೈಟು ಯಾರಿಗೆ ಅನ್ನೋದು ನಿಮ್ಮ ಸಮಿತೀದು. ನಾವು ಅದರಲ್ಲಿ ಕೈ ಹಾಕಕ್ಕಾಗಲ್ಲ.” ಹೋಗುವಾಗ ಗಿಡಗಳ ಜೊತೆ ಫೋಟೊ ಬೇಕು ಅಂದಳು. ನಾನು ನಿಂತುಕೊಂಡೆ. ಆ ಫೋಟೊದಲ್ಲಿ ನನ್ನ ಮುಖ ನೋಡಿದವರು ಯಾರೋ ಸತ್ತಿದ್ದಾರೆ ಅಂದುಕೊಳ್ಳಬೇಕು.

ಮುಂದಿನ ಭಾನುವಾರ ಸಭೆ, ಕೈ ಎತ್ತಿಸಿ ತೀರ್ಮಾನ ಎಂದಾಯಿತು.

ಆ ವಾರ ಗುಡ್ಡದ ಜನ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಸುಳ್ಳು ಬಯಲಾದರೆ ಎಲ್ಲರಿಗೂ ನಾಚಿಕೆ, ಆ ನಾಚಿಕೆಯನ್ನು ಯಾರ ಮೇಲಾದರೂ ಹಾಕಬೇಕಲ್ಲ. ಮಂಗಳವಾರ ಬೆಳಿಗ್ಗೆ ಹೋಗಿ ನೋಡಿದರೆ ಮಂಜಿನ ಬಲೆಯನ್ನು ಯಾರೋ ಮೇಲಿನಿಂದ ಕೆಳಗಿನವರೆಗೆ ಸೀಳಿದ್ದರು. ಡ್ರಮ್ಮು ಮಗುಚಿತ್ತು. ನಾನು ಅಲ್ಲೇ ಕೂತು ಮೀನು ಹಿಡಿಯುವವರ ಹಾಗೆ ಬಲೆ ಹೊಲಿದೆ. ಗ್ರಿಮಾನೆಸಾ ತನ್ನ ಬಾಗಿಲಲ್ಲಿ ಆಲೂಗಡ್ಡೆ ಸುಲಿಯುತ್ತ ನೋಡುತ್ತಿದ್ದಳು.

“ನಾನಲ್ಲ,” ಅಂದಳು ಕೊನೆಗೆ.

“ನಾನು ಕೇಳ್ಲಿಲ್ವಲ್ಲ ಕೊಮಾದ್ರೆ.”

“ಕೇಳೋ ಹಾಗೆ ನೋಡ್ತಿದೀರಿ.”

“ನನ್ ಕಣ್ಣೇ ಹಾಗೆ.”

“ಭಾನುವಾರ ಕಿತ್ತಾಕೋ ಬಲೆಗೆ ಹೊಲಿಗೆ ಯಾಕೆ? ಉಳಿದ ದಾರದಲ್ಲಿ ನಿಮ್ ಬಾಯಿ ಹೊಲ್ಕೊಂಡ್ರೆ ಉಪಯೋಗ ಆಗತ್ತೆ.”

ಗುರುವಾರ ಬಸೀಲಿಯಾ ನನ್ನ ಮನೆಗೆ ಇಳಿದು ಬಂದಳು. ಚಿಕ್ಕದನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಬಾಗಿಲೊಳಗೆ ಬರಲಿಲ್ಲ.

“ಅಕ್ಕಾ, ಹದಿನಾಲ್ಕೇ ಬೇಕು ಅಂತ ನಾನು ಕೇಳ್ಲಿಲ್ಲ,” ಅಂದಳು. “ಬೇರೆ ಖಾಲಿ ಇಲ್ಲ. ಗಿಡ ಕೀಳೋಕೆ ನಂಗೂ ಮನಸಿಲ್ಲ.”

“ಮನಸಿಲ್ದಿದ್ರೆ ಬಿಡು. ಯಾರು ಬಾ ಅಂದ್ರು ನಿನ್ನ ಈ ಊರಿಗೆ?”

ಅಂದುಬಿಟ್ಟೆ. ನಾನೂ ಒಂದು ದಿನ ಹೀಗೇ ಬೆನ್ನಿಗೊಂದು ಮಗು ಕಟ್ಟಿಕೊಂಡು ಬಂದವಳು. ಯಾದಿರಾಳ ಅಪ್ಪ ಕಾಡಿನ ಕಡೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಬಸೀಲಿಯಾ ತಿರುಗಿ ಮೆಟ್ಟಿಲು ಹತ್ತಿ ಹೋದಳು. ಬೆನ್ನಿನ ಮಗು ತಲೆ ತಿರುಗಿಸಿ ನನ್ನನ್ನೇ ನೋಡುತ್ತಿತ್ತು. ಯಾದಿರಾ ಪುಸ್ತಕದಿಂದ ಕಣ್ಣೆತ್ತಿದಳು.

“ಅಮ್ಮಾ, ನೀನು ಮಾದ್ರಿನಾ ಥರಾನೇ ಮಾತಾಡ್ದೆ.” ಅವಳು ಗ್ರಿಮಾನೆಸಾಳನ್ನು ಮಾದ್ರಿನಾ ಎಂದೇ ಕರೆಯುವುದು.

ಅವಳಿಗೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಅವಳ ಜಡೆ ಬಿಚ್ಚಿ ಮತ್ತೆ ಹೆಣೆದೆ, ಮೂರು ಸಲ. ಹೆಣೆಯುತ್ತ ಲೆಕ್ಕ ಹಾಕಿದೆ. ಹೇಗೆ ಹಾಕಿದರೂ ಎರಡು ಸಂಸಾರ, ಒಂದು ತೋಟ, ಒಂದು ಮನೆ.

“ಯಾದಿರಾ, ಇಲ್ಲಿಂದ ತೋಟಕ್ಕೆ ಎಷ್ಟು ಮೆಟ್ಲು?”

“ಅರವತ್ತೆರಡು. ಯಾಕೆ?”

ಹೇಳಿದೆ. ನಾವಿದ್ದ ಒಂಬತ್ತನೇ ನಂಬರಿಗೆ ಸಿಮೆಂಟಿನ ನೆಲ ಇತ್ತು, ತಗಡಿನ ಸೂರು ಇತ್ತು, ಅವಳ ಓದಿಗೆಂದು ಕಿಟಕಿಯ ಕೆಳಗೆ ಹಲಗೆ ಇತ್ತು. “ಅಲ್ಲಿ ಕಿಟಕಿ ಇಲ್ಲ,” ಅಂದಳು. “ನೆಲ ಮಣ್ಣು. ಮಾದ್ರಿನಾ ಗೊರಕೆ ಕೇಳತ್ತೆ.” ಕಣ್ಣೊರೆಸಿಕೊಂಡು, “ಹಲಗೆ ತಗೊಂಡ್ಹೋಗ್ಬಹುದಾ?” ಅಂತ ಕೇಳಿದಳು.

ಸಭೆಯ ದಿನ ಗ್ರಿಮಾನೆಸಾ ಮಕ್ಕಳಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ತಲೆಗೆ ನೀರು ಹಚ್ಚಿ ಬಾಚಿದ್ದಳು.

“ಗಿಡ ಮಲಗತ್ತಾ?” ಅಂತ ಶುರು ಮಾಡಿದಳು. “ಗಿಡಕ್ಕೆ ಚಳಿ ಆಗತ್ತಾ? ನಮ್ ಕೊಮಾದ್ರೆಗೆ ಗಿಡದ ಮೇಲೆ ಇರೋ ಕರುಣೆ ಮನುಷ್ಯರ ಮೇಲಿಲ್ಲ. ಅದಕ್ಕೇ ಪುರಸಭೆಯೋರು ಮೆಚ್ಚಿದ್ದು. ಅವರ ಊರಲ್ಲಿ ಪಾರ್ಕಿದೆ, ಪಾರ್ಕಲ್ಲಿ ನೀರು ಚಿಮ್ಮತ್ತೆ. ಇಲ್ಲಿಗೆ ಬಂದು ನಮಗೆ ಪಾಲಕ್ ಸೊಪ್ಪಿನ ಪಾಠ.”

ಕೆಲವರು ನಕ್ಕರು. ನಾನು ಎದ್ದು ನಿಂತು ಪಾತ್ರೆಯ ಹೆಂಗಸರ ಕಡೆ ನೋಡಿದೆ. ಆರು ವರ್ಷ ನನ್ನ ಸೊಪ್ಪು ತಿಂದವರು. ಒಬ್ಬಳು ಶಾಲಿನ ಅಂಚು ತಿರುಚುತ್ತಿದ್ದಳು, ಇನ್ನೊಬ್ಬಳಿಗೆ ಅದೇ ಹೊತ್ತಿಗೆ ಮಗುವಿನ ಮೂಗು ಒರೆಸಬೇಕಾಗಿತ್ತು.

“ಹೇಳೋದಿದ್ರೆ ಹೇಳಿ ನೆಲಿದಾ,” ಅಂದರು ಸತುರ್ನಿನೊ. “ಆಮೇಲೆ ಕೈ ಎತ್ತಿಸ್ತೀನಿ.”

“ಹದಿನಾಲ್ಕರಲ್ಲಿ ವಾಸ ಇದೆ. ಬರ್ಕೊಳ್ಳಿ.”

“ಯಾರು, ಅಬುಂದಿಯೋನಾ?” ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

“ನಾನು. ನಾನೂ ಯಾದಿರಾನೂ. ಇವತ್ತು ಬೆಳಿಗ್ಗೆ ಹಾಸಿಗೆ ಹಾಕಿದೀವಿ, ಒಲೆ ಹೊತ್ಸಿದೀವಿ. ಹೋಗಿ ಬೂದಿ ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ. ಒಂಬತ್ತು ಖಾಲಿ. ಅದು ಸಮಿತಿಗೆ ವಾಪಸ್. ಪಟ್ಟೀಲಿ ಮೊದಲು ಯಾರಿದಾರೋ ಅವರಿಗೆ ಕೊಡಿ.”

ಸತುರ್ನಿನೊ ಕನ್ನಡಕ ತೆಗೆದರು. “ಒಂಬತ್ತಕ್ಕೆ ಸಿಮೆಂಟ್ ನೆಲ ಇದೆಯಲ್ಲಮ್ಮಾ.”

“ಗೊತ್ತು. ಕಲಸಿದ್ದು ನಾನೇ.”

ಪಟ್ಟಿಯಲ್ಲಿ ಮೊದಲ ಹೆಸರು ಬಸೀಲಿಯಾಳದ್ದು. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಗ್ರಿಮಾನೆಸಾಳಿಗೆ ತಿಳಿಯಲು ಇನ್ನೊಂದು ಗಳಿಗೆ ಹಿಡಿಯಿತು. ತಂಗಿಯನ್ನು ಗೋಡೆಯ ಪಕ್ಕಕ್ಕೆ ತಂದುಕೊಳ್ಳಲು ಹೊರಟಿದ್ದಳು. ತಂಗಿ ಅರವತ್ತೆರಡು ಮೆಟ್ಟಿಲು ಕೆಳಕ್ಕೆ ಹೋದಳು, ಪಕ್ಕಕ್ಕೆ ನಾನು ಬಂದೆ.

“ಇದು ಮೋಸ!” ಅಂತ ಎದ್ದಳು. “ಊರೆಲ್ಲ ಇವರನ್ನ ದೇವತೆ ಅನ್ನಲಿ ಅಂತ ಮನೆ ಎಸೀತಿದಾರೆ! ನಾಯಿಗೆ ಮೂಳೆ ಎಸೆದ ಹಾಗೆ!”

“ಅಕ್ಕಾ, ಕೂತ್ಕೋ,” ಅಂದಳು ಬಸೀಲಿಯಾ. ಅವಳು ಆ ಸಭೆಯಲ್ಲಿ ಬಾಯಿ ಬಿಟ್ಟಿದ್ದು ಅದೇ ಮೊದಲು. “ನಂಗೆ ಒಂಬತ್ತು ಸಾಕು. ನಂಗೆ ಒಂಬತ್ತೇ ಬೇಕು.”

ಮಲಗುವವರದ್ದು ಸೈಟು; ಕಾನೂನು ಕಾನೂನೇ, ಕೈ ಎತ್ತಿಸುವ ಪ್ರಶ್ನೆಯೇ ಬರಲಿಲ್ಲ. ಪಕ್ಕದ ಮನೆಯ ಸಾಕ್ಷಿ ಸಹಿಯನ್ನು ಹದಿಮೂರರಲ್ಲೇ ಮಲಗುತ್ತಿದ್ದ ಬಸೀಲಿಯಾ ಹಾಕಿದಳು. ನಾನು ದೇವತೆಯೇನಲ್ಲ. ಬಸೀಲಿಯಾಗೆ ಅಂದ ಮಾತನ್ನು ಹೇಗಾದರೂ ತೀರಿಸಬೇಕಿತ್ತು, ಅದು ನಿಜ. ಆ ತಾರಾ ಗಿಡಗಳ ಬುಡಕ್ಕೆ ಗ್ರಿಮಾನೆಸಾಳ ಗುದ್ದಲಿ ಬೀಳುವುದನ್ನು ನೋಡುವುದಕ್ಕಿಂತ ಮಣ್ಣಿನ ನೆಲವೇ ವಾಸಿ ಎಂಬ ಹಟವೂ ಅಷ್ಟೇ ನಿಜ.

ಮಧ್ಯಾಹ್ನ ಉಳಿದ ಸಾಮಾನು ಹೊತ್ತೆವು. ಬೀರು ಮೆಟ್ಟಿಲಲ್ಲಿ ಸಿಕ್ಕಿಕೊಂಡಾಗ ಬಸೀಲಿಯಾ ಬಂದು ಇನ್ನೊಂದು ತುದಿ ಹಿಡಿದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. “ಮೊದ್ಲು ಎತ್ತು ಅಕ್ಕಾ, ಭಾರ ಇದೆ,” ಅಂದಳು. ಗ್ರಿಮಾನೆಸಾ ತನ್ನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು, ದಾರಿ ಬಿಡಲಿಲ್ಲ. ನಾವು ಬೀರುವನ್ನು ಅವಳ ತಲೆಯ ಮೇಲಿಂದ ಎತ್ತಿ ದಾಟಿಸಿದೆವು.

ಬುಧವಾರ ಲೊರೇನಾಳ ಫೋನು. ಸಮಿತಿಯಿಂದ ಪತ್ರ ಹೋಗಿತ್ತಂತೆ.

“ನೀವು ಅಲ್ಲೇ ವಾಸ ಅಂತ ಗೊತ್ತಾಯ್ತು. ಹಾಗಾದ್ರೆ ಅದು ಸಾರ್ವಜನಿಕ ಜಾಗ ಆಗಲ್ಲ ಅಮ್ಮ. ಬೇಜಾರು ಮಾಡ್ಕೋಬೇಡಿ. ಫಲಕ ವಾಪಸ್ ತಗೋಬೇಕಾಗತ್ತೆ.”

“ಗಿಡ ಅವೇ ಇದಾವಲ್ಲಮ್ಮಾ. ಬಲೆ ಅದೇ. ಸೊಪ್ಪು ಅದೇ ಪಾತ್ರೆಗೆ ಹೋಗತ್ತೆ.”

“ನಿಯಮ ಅಮ್ಮ.”

“ಆಯ್ತು. ಯಾರನ್ನಾದ್ರೂ ಕಳ್ಸಿ. ಸ್ಕ್ರೂಡ್ರೈವರ್ ಅವರೇ ತರ್ಲಿ, ನಮ್ಮನೇಲಿಲ್ಲ.” ಇತ್ತು.

ಶುಕ್ರವಾರ ಬೆಳಿಗ್ಗೆ ಒಬ್ಬ ಬಂದು ಫಲಕ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಮುಂಗಟ್ಟೆಯಲ್ಲಿ ನಾಲ್ಕು ತೂತು ಉಳಿದವು. ಯಾದಿರಾ ಅವಕ್ಕೆ ಮಣ್ಣು ತುಂಬಿ ಹೆಬ್ಬೆರಳಿನಿಂದ ಒತ್ತಿದಳು.

ಅವನು ಇಳಿದು ಹೋದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಗ್ರಿಮಾನೆಸಾ ಬಂದಳು. ಪಾತ್ರೆಗೆ ಸೊಪ್ಪು ಬೇಕಲ್ಲ. ಐದು ದಿನದಿಂದ ಬರೀ ಆಲೂಗಡ್ಡೆ ಬೇಯಿಸಿ ಹಾಕಿ ನಲವತ್ತು ಮನೆಯಿಂದ ಬೈಸಿಕೊಂಡಿದ್ದಳು. ಮೊದಲಾದರೆ ನೇರ ಒಳಗೆ ನುಗ್ಗಿ ತಾನೇ ಕೊಯ್ದುಕೊಳ್ಳುತ್ತಿದ್ದಳು. ಈಗ ಅದು ನನ್ನ ಮನೆ. ಬೇಲಿಯ ಹತ್ತಿರ ನಿಂತಳು. ಕೇಳುವುದು ಬೇಡವಾಗಿತ್ತು, ಹಿಂತಿರುಗುವ ಹಾಗೂ ಇರಲಿಲ್ಲ. ಗುಡಿಸಲಿನವರೆಗೆ ಬಂದು ತಟ್ಟಿದಳು. ಜೊಂಡಿನ ಚಾಪೆ ತಟ್ಟಿದರೆ ಸದ್ದು ಬರುವುದಿಲ್ಲ. ಒಳಗೆ ಬಟ್ಟೆ ಮಡಚುತ್ತಿದ್ದ ನನಗೆ ಅವಳ ಬೆರಳಿನ ಗಂಟುಗಳು ಗೋಡೆಯನ್ನು ಒಳಕ್ಕೆ ದೂಡುವುದು ಮಾತ್ರ ಕಾಣಿಸುತ್ತಿತ್ತು.

“ಯಾರಾದ್ರೂ ಇದೀರಾ?” ಅಂದಳು.

ನಾನು ಯಾದಿರಾಳ ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟೆ.

“ಹೊಗೆ ಬರ್ತಿದೆ, ಇದೀರಿ ಅಂತ ಗೊತ್ತು.”

ಇನ್ನೊಂದು ಅಂಗಿ ತೆಗೆದುಕೊಂಡೆ. ಯಾದಿರಾ ನಗು ತಡೆಯಲು ಕಂಬಳಿ ಕಚ್ಚಿದಳು.

“ಕೊಮಾದ್ರೆ!” ಗುಡ್ಡದ ಕೆಳಗಿನವರೆಗೂ ಕೇಳಿಸಿರಬೇಕು. “ಕೊಮಾದ್ರೆ ನೆಲಿದಾ! ಪಾತ್ರೆಗೆ ಸೊಪ್ಪು ಕೊಡ್ತೀರೋ, ಇಲ್ವೋ?”

ಕುಡುಗೋಲು ತೆಗೆದುಕೊಂಡು ಹೊರಗೆ ಬಂದೆ.

“ಕೊಡ್ತೀನಿ ಕೊಮಾದ್ರೆ. ಅದಕ್ಕೆ ಅಷ್ಟ್ಯಾಕೆ ಕಿರುಚ್ತೀರಿ? ಪಕ್ಕದ ಮನೆಯೋರು ಏನಂದ್ಕೊಂಡಾರು.”

“ಪಕ್ಕದ ಮನೆಯೋಳು ನಾನೇ,” ಅಂದು ಬುಟ್ಟಿಯನ್ನು ಮುಂದೆ ನೂಕಿದಳು. “ಎಳೇದು ಹಾಕಿ. ಹೋದ್ಸಲ ಬಲಿತದ್ದು ಕೊಟ್ಟಿದ್ರಿ.”